ಜಿಲೇಬಿಯೋ, ಸೂರ್ಯಮೀನೋ? ಮೀನು ಗುರುತಿಸುವ ಪಾಠದಲ್ಲಿ ಊರ ಹೆಸರುಗಳು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಮೂಡಿಗೆರೆ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆರನೇ ತರಗತಿಗೆ ಜಲಚರಗಳ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದೆ. ಪಾಠ ಯೋಜನೆ ಚೆನ್ನಾಗಿತ್ತು. ಬೋಧನೋಪಕರಣವಾಗಿ ಅವರು ಬಣ್ಣದಲ್ಲಿ ಮುದ್ರಿಸಿದ ದೊಡ್ಡ ಚಿತ್ರವೊಂದನ್ನು ತಂದಿದ್ದರು. ದುಂಡಗಿನ, ಚಪ್ಪಟೆ ಮೈಯ ಮೀನು. ಕೆಳಗೆ ‘ಸೂರ್ಯಮೀನು: ಸಿಹಿನೀರಿನ ಮೀನು’ ಎಂದು ಬರೆದಿತ್ತು. ಚಿತ್ರ ಗೋಡೆಗೆ ಏರಿದ ಕೂಡಲೇ ಎರಡನೇ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ಅದು ಜಿಲೇಬಿ. ನಮ್ಮ ಸಾಹುಕಾರ್ರ ತೋಟದ ಕೆರೇಲಿ ಇದೆ.”

“ಜಿಲೇಬಿ ಬೇಕರೀಲಿ ಸಿಗತ್ತೆ. ಇದು ಸನ್‌ಫಿಶ್. ಕೂತ್ಕೋ.”

ತರಗತಿ ನಕ್ಕಿತು. ಹುಡುಗ ಕುಳಿತ. ಉಳಿದ ಮೂವತ್ತು ನಿಮಿಷ ಅವನು ಬಾಯಿ ಬಿಡಲಿಲ್ಲ. ಸುತ್ತ ಕುಳಿತ ಮಕ್ಕಳೂ ಬಿಡಲಿಲ್ಲ. ಪ್ರಶ್ನೆ ಕೇಳಿದಾಗ ಪುಸ್ತಕದಲ್ಲಿದ್ದ ಉತ್ತರವನ್ನಷ್ಟೇ ಓದಿ ಹೇಳಿದರು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಅಪ್ಪನ ಜೊತೆ ಗದ್ದೆಗೆ ಇಳಿಯುವ ಮಕ್ಕಳವರು. ಮೀನಿನ ಬಗ್ಗೆ ಆ ಕೋಣೆಯಲ್ಲಿ ಅವರಿಗೆ ಗೊತ್ತಿದ್ದಷ್ಟು ನನಗೂ ಗೊತ್ತಿರಲಿಲ್ಲ, ಪ್ರಶಿಕ್ಷಣಾರ್ಥಿಗೂ ಗೊತ್ತಿರಲಿಲ್ಲ.

ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು. “ಮೇಡಂ, ಹುಡುಗ ಹೇಳಿದ್ದು ತಪ್ಪಲ್ಲವೇ? ತಪ್ಪನ್ನು ತಿದ್ದಬಾರದೇ?” ಅವರಿಗೆ ಅಂದು ನಾನು ಅರ್ಧ ಉತ್ತರ ಕೊಟ್ಟೆ. ಈ ಲೇಖನದಲ್ಲಿ ಪೂರ್ತಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ. ಊರ ಹೆಸರು ತಪ್ಪು ಉತ್ತರವಲ್ಲ, ಅದು ಮಗು ಮಾಡಿರುವ ವೀಕ್ಷಣೆಯ ಮೊದಲ ಸಾಕ್ಷಿ. ಆದರೆ ಹೆಸರೊಂದರಿಂದಲೇ ಮೀನು ಯಾವುದೆಂದು ತೀರ್ಮಾನಿಸಲು ಬರುವುದಿಲ್ಲ. ತೀರ್ಮಾನಿಸಬೇಕಾದುದು ಮೈಮೇಲಿನ ಗುರುತುಗಳು.

ಸೂರ್ಯಮೀನು ಎಂದರೆ ಯಾವುದು?

ಇಂಗ್ಲಿಷಿನ ‘ಸನ್‌ಫಿಶ್’ ಎಂಬ ಹೆಸರೇ ಗೊಂದಲದ್ದು. ಸಮುದ್ರದಲ್ಲಿ ಒಂದು ಸನ್‌ಫಿಶ್ ಇದೆ. ವೈಜ್ಞಾನಿಕ ಹೆಸರು ಮೋಲ ಮೋಲ. ಒಂದು ಸಾವಿರ ಕಿಲೋಗ್ರಾಂಗೂ ಮೀರಿ ತೂಗಬಲ್ಲ, ಬಾಲವನ್ನು ಕತ್ತರಿಸಿ ತೆಗೆದಂತೆ ಕಾಣುವ ಮೀನು ಅದು. ಸಿಹಿನೀರಿನ ಸನ್‌ಫಿಶ್‌ಗಳು ಬೇರೆಯೇ ಕುಟುಂಬದವು. ಸೆಂಟ್ರಾರ್ಕಿಡೆ ಎಂಬ ಈ ಕುಟುಂಬದ ತವರು ಉತ್ತರ ಅಮೆರಿಕ. ಬ್ಲೂಗಿಲ್, ಪಂಪ್ಕಿನ್‌ಸೀಡ್, ರೆಡ್‌ಇಯರ್ ಮೊದಲಾದವು ಇದಕ್ಕೆ ಸೇರಿವೆ. ತುಂಗೆ, ಭದ್ರೆ, ಹೇಮಾವತಿಗಳಲ್ಲಿ ಇವು ಸಹಜವಾಗಿ ಇರುವ ಮೀನುಗಳಲ್ಲ.

ತವರಿನಲ್ಲೂ ಇವುಗಳ ಹೆಸರು ನೆಟ್ಟಗಿಲ್ಲ. ಬ್ಲೂಗಿಲ್ಲನ್ನೇ ಅಮೆರಿಕದ ಒಂದು ಕಡೆ ‘ಸನ್ನಿ’ ಎಂದರೆ ಇನ್ನೊಂದು ಕಡೆ ‘ಬ್ರೀಮ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಬ್ರೀಮ್ ಎಂದರೆ ಗೆಂಡೆ ಬಳಗದ ಬೇರೊಂದು ಮೀನು. ಆಸ್ಟ್ರೇಲಿಯಾದಲ್ಲಿ ಅದೇ ಹೆಸರು ಸಮುದ್ರದ ಮೀನಿಗಿದೆ. ವಲಸೆ ಹೋದವರು ಹೊಸ ನಾಡಿನ ಮೀನಿಗೆ ಹಳೆಯ ನಾಡಿನ ಹೆಸರು ಕೊಟ್ಟರು. ಹೆಸರು ಒಂದಾಯಿತು, ಮೀನು ಮೂರಾದವು. ಸಾಲದ್ದಕ್ಕೆ ಸನ್‌ಫಿಶ್‌ಗಳಲ್ಲಿ ಒಂದು ಜಾತಿ ಇನ್ನೊಂದರೊಂದಿಗೆ ಕೂಡಿ ಮಿಶ್ರತಳಿ ಹುಟ್ಟುವುದೂ ಉಂಟು. ಆದ್ದರಿಂದ ಅಲ್ಲಿಯವರೂ ಕಿವಿರುಮುಚ್ಚಳದ ತುದಿಯಲ್ಲಿರುವ ‘ಕಿವಿ’ಯನ್ನು ನೋಡಿ ಗುರುತು ಹಿಡಿಯುತ್ತಾರೆ. ಕಿವಿ ಪೂರ್ತಿ ಕಪ್ಪಾಗಿದ್ದು, ಬೆನ್ನಿನ ಈಜುರೆಕ್ಕೆಯ ಹಿಂಭಾಗದ ಬುಡದಲ್ಲಿ ಕಪ್ಪು ಮಚ್ಚೆ ಇದ್ದರೆ ಬ್ಲೂಗಿಲ್. ಕಪ್ಪು ಕಿವಿಯ ಅಂಚಿನಲ್ಲಿ ಕೆಂಪು ಅಥವಾ ಕಿತ್ತಳೆ ಬೊಟ್ಟಿದ್ದರೆ ಪಂಪ್ಕಿನ್‌ಸೀಡ್. ಹಳ್ಳಿಯ ಹೆಸರು ಗೊಂದಲದ್ದು, ಇಂಗ್ಲಿಷಿನ ಹೆಸರು ಖಚಿತವಾದದ್ದು ಎಂಬ ಭಾವನೆ ನಮ್ಮಲ್ಲಿದ್ದರೆ ಅದನ್ನು ಮೊದಲು ಬಿಡಬೇಕು.

ಗೋಡೆಯ ಮೇಲಿದ್ದ ಚಿತ್ರ ಬ್ಲೂಗಿಲ್ಲಿನದು. ಹುಡುಗ ಹೇಳಿದ ಜಿಲೇಬಿ ಎಂದರೆ ತಿಲಾಪಿಯಾ. ಅದೂ ನಮ್ಮ ನೀರಿನದಲ್ಲ. ಆಫ್ರಿಕ ಮೂಲದ ಮೊಜಾಂಬಿಕ್ ತಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಸಾಕುವುದು ಸುಲಭ, ಮರಿ ಮಾಡುವುದು ಬೇಗ. ಹೀಗಾಗಿ ದಕ್ಷಿಣ ಭಾರತದ ಕೆರೆ, ಜಲಾಶಯಗಳಿಗೆಲ್ಲ ಹಬ್ಬಿತು. ಹುಡುಗ ಹೇಳಿದ ಹೆಸರು ಚಿತ್ರಕ್ಕೆ ಹೊಂದುವುದಿಲ್ಲ, ನಿಜ. ಆದರೆ ಚಪ್ಪಟೆ ಮೈ, ಉದ್ದಕ್ಕೂ ಹರಡಿದ ಮುಳ್ಳಿನ ಬೆನ್ನುರೆಕ್ಕೆ, ಕಪ್ಪು ಮಚ್ಚೆ ಇಷ್ಟನ್ನೂ ಅವನು ಕ್ಷಣದಲ್ಲಿ ಗಮನಿಸಿದ್ದ. ಮರಿ ಜಿಲೇಬಿಯ ಬೆನ್ನುರೆಕ್ಕೆಯಲ್ಲೂ ಅಂಥದೇ ಕಪ್ಪು ಮಚ್ಚೆ ಇರುತ್ತದೆ. ಆರನೇ ತರಗತಿಯ ಮಗುವಿಗೆ ಇದು ಒಳ್ಳೆಯ ವೀಕ್ಷಣೆ. ನಾವು ತಿದ್ದಬೇಕಾಗಿದ್ದುದು ಕೊನೆಯ ಹೆಜ್ಜೆಯನ್ನು ಮಾತ್ರ.

ಗುರುತು ಹಿಡಿಯಲು ಮೂರು ಪರೀಕ್ಷೆಗಳು

ಬಣ್ಣ ಮತ್ತು ಆಕಾರ ಮೋಸ ಮಾಡುತ್ತವೆ. ಜಿಲೇಬಿಯ ಗಂಡು ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ, ಈಜುರೆಕ್ಕೆಗಳ ಅಂಚು ಕೆಂಪಾಗುತ್ತದೆ. ಹೆಣ್ಣನ್ನೂ ಗಂಡನ್ನೂ ಅಕ್ಕಪಕ್ಕ ಇಟ್ಟರೆ ಬೇರೆ ಜಾತಿಯೆಂದೇ ತೋರಬಹುದು. ಆದ್ದರಿಂದ ಮಕ್ಕಳು ತಾವೇ ಎಣಿಸಿ ನೋಡಬಹುದಾದ ಗುರುತುಗಳು ಬೇಕು. ಚಪ್ಪಟೆ ಮೈಯ ಮೀನುಗಳಿಗೆ ಮೂರು ಸಾಕು.

1. ಮೂಗಿನ ಹೊಳ್ಳೆ. ಬಹುತೇಕ ಮೀನುಗಳಿಗೆ ತಲೆಯ ಒಂದೊಂದು ಪಕ್ಕದಲ್ಲಿ ಎರಡೆರಡು ಹೊಳ್ಳೆಗಳಿರುತ್ತವೆ. ಸನ್‌ಫಿಶ್‌ಗೂ ಹಾಗೆಯೇ. ಜಿಲೇಬಿ ಸೇರಿರುವ ಸಿಕ್ಲಿಡ್ ಕುಟುಂಬದ ಮೀನಿಗೆ ಒಂದೊಂದು ಪಕ್ಕದಲ್ಲಿ ಒಂದೇ ಹೊಳ್ಳೆ.

2. ಪಾರ್ಶ್ವರೇಖೆ. ಮೈಯ ಪಕ್ಕದಲ್ಲಿ ಹುರುಪೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುವ ಗೆರೆ ಇದು. ನೀರಿನ ಅಲುಗಾಟವನ್ನು ಮೀನು ತಿಳಿಯುವುದು ಇದರಿಂದ. ಸನ್‌ಫಿಶ್‌ನಲ್ಲಿ ಗೆರೆ ತುಂಡಾಗದೆ ಬಾಲದವರೆಗೆ ಹೋಗುತ್ತದೆ. ಜಿಲೇಬಿಯಲ್ಲಿ ಎರಡು ತುಂಡು: ಮುಂದಿನದು ಮೇಲೆ, ಹಿಂದಿನದು ಸ್ವಲ್ಪ ಕೆಳಗೆ.

3. ಗುದರೆಕ್ಕೆಯ ಮುಳ್ಳುಗಳು. ಹೊಟ್ಟೆಯ ಹಿಂದೆ, ಬಾಲಕ್ಕೆ ಮುಂಚೆ ಇರುವ ರೆಕ್ಕೆಯ ಮುಂಭಾಗದಲ್ಲಿ ಗಟ್ಟಿ ಮುಳ್ಳುಗಳಿರುತ್ತವೆ. ಬ್ಲೂಗಿಲ್‌ನಲ್ಲಿ 3, ಜಿಲೇಬಿಯಲ್ಲೂ ಸಾಮಾನ್ಯವಾಗಿ 3. ಎಣಿಕೆ 12 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಇವೆರಡೂ ಅಲ್ಲ, ನಮ್ಮ ನಾಡಿನದೇ ಸಿಕ್ಲಿಡ್.

ಈ ಮೂರನೆಯ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಭಾರತಕ್ಕೆ ಸಹಜವಾದ ಸಿಕ್ಲಿಡ್ ಜಾತಿಗಳು ಮೂರೇ ಮೂರು. ಒಂದು ಕೇರಳದವರು ಕರಿಮೀನ್ ಎನ್ನುವ ಎಟ್ರೋಪ್ಲಸ್ ಸುರಾಟೆನ್ಸಿಸ್. ಇನ್ನೊಂದು ಕಿತ್ತಳೆ ಬಣ್ಣದ ಪುಟ್ಟ ಮೀನು, ಸ್ಯೂಡೆಟ್ರೋಪ್ಲಸ್ ಮ್ಯಾಕ್ಯುಲೇಟಸ್. ಮೂರನೆಯದು ಎಟ್ರೋಪ್ಲಸ್ ಕೆನರೆನ್ಸಿಸ್. ಹೆಸರಿನಲ್ಲೇ ಕೆನರಾ ಇದೆ. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ವರ್ಣಿಸಿದ್ದು ದಕ್ಷಿಣ ಕನ್ನಡದ ಮೀನಿನಿಂದ. ಘಟ್ಟದ ಕೆಳಗೆ ನೇತ್ರಾವತಿ, ಕುಮಾರಧಾರಾ ನದಿಗಳ ಕಡೆ ಇರುವ, ಮೈಮೇಲೆ ಕಪ್ಪು ಅಡ್ಡಪಟ್ಟೆಗಳುಳ್ಳ ಈ ಮೀನು ಅಳಿವಿನ ಅಂಚಿನಲ್ಲಿದೆ. ನೋಡಿದವರು ‘ಇದೂ ಜಿಲೇಬಿ’ ಎಂದುಬಿಟ್ಟರೆ, ಕಡಿಮೆಯಾಗುತ್ತಿರುವ ಮೀನು ಹೆಚ್ಚಾಗುತ್ತಿರುವ ಮೀನಿನ ಲೆಕ್ಕಕ್ಕೆ ಸೇರಿಹೋಗುತ್ತದೆ.

ಹೊರಗಿನ ಮೀನನ್ನು ಬೇಗ ಗುರುತಿಸುವುದೂ ಅಷ್ಟೇ ಮುಖ್ಯ. ಜಪಾನಿನ ಉದಾಹರಣೆಯನ್ನು ಮಕ್ಕಳಿಗೆ ಕಥೆಯಾಗಿ ಹೇಳಬಹುದು. ಆಗ ಯುವರಾಜರಾಗಿದ್ದ ಅಕಿಹಿತೊ 1960ರಲ್ಲಿ ಅಮೆರಿಕದಿಂದ ಉಡುಗೊರೆಯಾಗಿ ಬಂದ ಬ್ಲೂಗಿಲ್‌ಗಳನ್ನು ಆಹಾರದ ಮೀನಾಗಲೆಂದು ಸಂಶೋಧನಾ ಸಂಸ್ಥೆಗೆ ಕೊಟ್ಟರು. ಮೀನು ಕೆರೆ, ಸರೋವರಗಳಿಗೆ ಹಬ್ಬಿ ಅಲ್ಲಿನ ಸ್ಥಳೀಯ ಮೀನುಗಳನ್ನು ತಿನ್ನತೊಡಗಿತು. ಸ್ವತಃ ಮತ್ಸ್ಯ ವಿದ್ವಾಂಸರಾದ ಅವರು ಚಕ್ರವರ್ತಿಯಾಗಿದ್ದಾಗ, 2007ರಲ್ಲಿ, ಇದಕ್ಕಾಗಿ ಬಹಿರಂಗವಾಗಿ ನೋವು ವ್ಯಕ್ತಪಡಿಸಿದರು.

ಒಂದೇ ಜಿಲ್ಲೆ, ಮೂರು ದಾರಿಯ ನೀರು

ನಮ್ಮ ಮಲೆನಾಡಿನಲ್ಲಿ ಹೆಸರುಗಳು ಇಷ್ಟು ಬೆರೆತಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನೀರು. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರುತ್ತದೆ. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು ದಾಟಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೊನೆಗೆ ಕೃಷ್ಣೆಗೆ ಸೇರುತ್ತದೆ. ಅದೇ ಬೆಟ್ಟಸಾಲಿನ ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಬೆಟ್ಟದ ಆಚೆ ಬಿದ್ದ ಮಳೆಗೂ ಈಚೆ ಬಿದ್ದ ಮಳೆಗೂ ಊರು ಬೇರೆ. ಮೀನು ಬೆಟ್ಟ ಹತ್ತಿ ದಾಟುವುದಿಲ್ಲ. ಆದ್ದರಿಂದ ಮೂರು ನದಿಗಳಲ್ಲಿ ಮೀನಿನ ಜಾತಿಗಳು ಅಷ್ಟಿಷ್ಟು ಬೇರೆ. ಆದರೆ ಬೆಟ್ಟ ದಾಟಿ ಮದುವೆಯಾಗುವ, ಕೆಲಸಕ್ಕೆ ಹೋಗುವ ಜನ ತಮ್ಮ ಮೀನಿನ ಹೆಸರನ್ನೂ ಜೊತೆಗೆ ಒಯ್ಯುತ್ತಾರೆ.

ಎರಡನೆಯದು ಮನೆಮಾತು. ಕಾಫಿತೋಟಗಳ ಲೈನ್ ಮನೆಗಳಿರುವ ಕಡೆ ಒಂದೇ ತರಗತಿಯಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ, ತಮಿಳು, ಲಂಬಾಣಿ ಮಾತಾಡುವ ಮಕ್ಕಳಿರುತ್ತಾರೆ. ಈಚಿನ ವರ್ಷಗಳಲ್ಲಿ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಬಯಲಿನವರು ಕೊರವ, ಕುಚ್ಚು ಎನ್ನುವ ಹಾವುತಲೆಯ ಮೀನನ್ನು ತುಳುವಿನವರು ಮಡೆಂಜಿ ಎನ್ನುತ್ತಾರೆ. ಶಿಶಿಲದ ಮತ್ಸ್ಯತೀರ್ಥದಲ್ಲಿ ಪೆರುವೊಳು ಎನಿಸಿಕೊಳ್ಳುವ ಮಹಶೀರ್, ಕಾವೇರಿ ತೀರದಲ್ಲಿ ಬಿಳಿಮೀನು. ಶೃಂಗೇರಿಯ ತುಂಗಾತೀರದಲ್ಲಿ ಪುರಿ ಹಾಕಿಸಿಕೊಳ್ಳುವ ಮೀನುಗಳೆಲ್ಲ ಒಟ್ಟಾಗಿ ‘ದೇವರ ಮೀನು’. ಅಲ್ಲಿ ಮಹಶೀರ್ ಜೊತೆಗೆ ಬೇರೆ ಗೆಂಡೆ ಜಾತಿಗಳೂ ಇವೆ. ದೇವರ ಮೀನು ಎಂಬುದು ಜಾತಿಯ ಹೆಸರಲ್ಲ, ಹಿಡಿಯಬಾರದು ಎಂಬ ನಿಯಮದ ಹೆಸರು. ಆ ನಿಯಮದಿಂದಲೇ ಆ ಮಡುವಿನ ಮೀನುಗಳು ಉಳಿದಿವೆ.

ಗೆಂಡೆ ಎಂಬುದೂ ಹೀಗೆಯೇ. ಮೀನುಗಾರಿಕೆ ಇಲಾಖೆಯ ಕರಪತ್ರಗಳಲ್ಲಿ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಎಂದು ಬರುತ್ತದೆ. ಮೂರೂ ಹೊರಗಿನಿಂದ ಬಂದವು. ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳು ಭಾರತಕ್ಕೆ ಬಂದದ್ದು 1959ರಲ್ಲಿ. ಹೆಸರು ಅಚ್ಚಗನ್ನಡದ್ದಾದರೆ ಮೀನೂ ಇಲ್ಲಿಯದೇ ಎಂದು ಭಾವಿಸುವಂತಿಲ್ಲ.

ಮುಳ್ಳಿನ ವಿಷಯ

ಹೆಸರಿನ ಗೊಂದಲ ಮಕ್ಕಳ ಕೈಗೇ ಅಪಾಯ ತರುವ ಒಂದು ಸಂದರ್ಭವಿದೆ. ಮೀಸೆಯ ಮೀನುಗಳನ್ನು ಇಂಗ್ಲಿಷಿನಲ್ಲಿ ಒಟ್ಟಾಗಿ ಕ್ಯಾಟ್‌ಫಿಶ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ‘ಕ್ಯಾಟ್‌ಫಿಶ್ ಸಾಕಣೆ ನಿಷೇಧ’ ಎಂದು ಬಂದಾಗ ಅದು ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಒಂದೇ ಜಾತಿಯ ಮಾತು. ಇದನ್ನು ಬಿಡಿಸಿ ಹೇಳದಿದ್ದರೆ, ಗದ್ದೆಯಲ್ಲಿ ಸಿಗುವ ನಾಡಿನ ಮೀನನ್ನೂ ನಿಷೇಧಿತವೆಂದು ಮಕ್ಕಳು ತಿಳಿಯುತ್ತಾರೆ.

ಕರಾವಳಿಯವರು ಮುಗುಡು ಎನ್ನುವ ಮೀನು, ಚೇಳುಮೀನು ಎರಡಕ್ಕೂ ನಾಲ್ಕು ಜೊತೆ ಮೀಸೆ, ಹುರುಪೆಯಿಲ್ಲದ ಕಪ್ಪು ಮೈ, ಉದ್ದವಾದ ಗುದರೆಕ್ಕೆ. ವ್ಯತ್ಯಾಸ ಬೆನ್ನಿನ ಮೇಲಿದೆ. ಮುಗುಡಿನ ಬೆನ್ನುರೆಕ್ಕೆ ತಲೆಯ ಹಿಂದಿನಿಂದ ಬಾಲದ ಹತ್ತಿರದವರೆಗೂ ಉದ್ದಕ್ಕಿದೆ. ಚೇಳುಮೀನಿನದು ಬೆರಳಗಲದ ಪುಟ್ಟ ರೆಕ್ಕೆ. ಚೇಳುಮೀನಿನ ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ, ಚುಚ್ಚಿದರೆ ವಿಪರೀತ ನೋವು. ಈ ಮೀನಿನ ವಿಷಯದಲ್ಲಿ ಊರ ಹೆಸರೇ ಎಚ್ಚರಿಕೆಯ ಫಲಕ. ‘ಚೇಳು’ ಎಂದು ಕರೆದ ಹಿರಿಯರು ಮುಂದಿನವರ ಕೈ ಕಾಪಾಡಿದರು. ಅದನ್ನು ಅಳಿಸಿ ‘ಕ್ಯಾಟ್‌ಫಿಶ್’ ಎಂದಷ್ಟೇ ಬರೆಸಿದರೆ ಆ ಎಚ್ಚರಿಕೆಯೂ ಅಳಿಸಿಹೋಗುತ್ತದೆ.

ಹೆಸರು ಉಳಿದು ಮೀನು ಬದಲಾದಾಗ

ಹೆಸರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ದೊಡ್ಡ ಉದಾಹರಣೆ ಕಾವೇರಿಯ ಮಹಶೀರ್. ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಈ ಭಾರೀ ಮೀನು ಗಾಳ ಹಾಕುವವರಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಹೆಸರುವಾಸಿ. ಕಳೆದ ಶತಮಾನದ ಎಪ್ಪತ್ತರ ದಶಕದ ನಂತರ, ಮಹಶೀರ್ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ, ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಟಾರ್ ಖುದ್ರೀ ಎಂಬ ಬೇರೆ ಜಾತಿ; ರೆಕ್ಕೆ ನೀಲಿ ಛಾಯೆಯದು. ಎರಡಕ್ಕೂ ಹೆಸರು ಮಹಶೀರ್. ಗಾಳಕ್ಕೆ ಬೀಳುವ ಮಹಶೀರ್‌ಗಳ ಸಂಖ್ಯೆ ಏರುತ್ತಿತ್ತು, ಎಲ್ಲರಿಗೂ ಸಂತೋಷ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಇಟ್ಟ ದಾಖಲೆಗಳನ್ನು ಸಂಶೋಧಕರು ರೆಕ್ಕೆಯ ಬಣ್ಣದ ಪ್ರಕಾರ ಬೇರ್ಪಡಿಸಿ ನೋಡಿದಾಗ ಮಾತ್ರ ನಿಜ ತಿಳಿಯಿತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಕಿತ್ತಳೆ ರೆಕ್ಕೆಯದು ಬಹುತೇಕ ಇಲ್ಲವಾಗಿತ್ತು.

ಅಷ್ಟೇ ಅಲ್ಲ, ಕಿತ್ತಳೆ ರೆಕ್ಕೆಯ ಮೀನಿಗೆ ಅಲ್ಲಿಯವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಅದು ಟಾರ್ ರೆಮಾದೇವಿ ಎಂದು ಸ್ಥಾಪಿಸಿದರು. ಹೆಸರು ಖಚಿತವಾದ ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಕೆಂಪುಪಟ್ಟಿಗೆ ಸೇರಿತು. ನಮ್ಮ ಹೇಮಾವತಿ ಸೇರುವುದು ಆ ಕಾವೇರಿಗೇ. ಮೂಡಿಗೆರೆಯ ಮಗುವೊಂದು ರೆಕ್ಕೆಯ ಬಣ್ಣವನ್ನು ನೋಡಿ ಬರೆದಿಡಲು ಕಲಿತರೆ ಅದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಕಲಿಕೆ.

ವೈಜ್ಞಾನಿಕ ಹೆಸರಿನೊಳಗಿನ ಊರ ಹೆಸರು

‘ಹಾಗಾದರೆ ಊರ ಹೆಸರು ಬಿಟ್ಟು ವೈಜ್ಞಾನಿಕ ಹೆಸರನ್ನೇ ಕಲಿಸೋಣ’ ಎಂಬುದು ಕೆಲವು ಪ್ರಶಿಕ್ಷಣಾರ್ಥಿಗಳ ತೀರ್ಮಾನ. ಅದೂ ಸರಿಯಲ್ಲ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸ ಪುಸ್ತಕಗಳಿಗೆ ಪರಿಚಿತ. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅದೇ ವ್ಯಕ್ತಿ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದ. ಅದರಲ್ಲಿ ಬೆಸ್ತರ ಬಾಯಿಂದ ಕೇಳಿದ ಹೆಸರುಗಳನ್ನೇ ಹಲವು ಜಾತಿಗಳಿಗೆ ಇಟ್ಟ: ಕಟ್ಲಾ, ರೋಹಿತ, ಮೃಗಾಲ, ಮಾಗುರ್. ಟಾರ್ ಖುದ್ರೀ ಎಂಬಲ್ಲಿನ ಖುದ್ರೀಯನ್ನು ಸೈಕ್ಸ್ 1839ರಲ್ಲಿ ತೆಗೆದುಕೊಂಡದ್ದು ಪುಣೆಯ ಕಡೆಯ ಜನರ ಮಾತಿನಿಂದ. ಒಂದೂರಿನ ಹೆಸರು ಹಿಡಿದು, ಅದರ ಜೊತೆ ಮೀನಿನ ವಿವರವಾದ ವರ್ಣನೆ ಕಟ್ಟಿ, ಇದು ಇದಕ್ಕೇ ಸಲ್ಲುವುದು ಎಂದು ಗೊತ್ತುಮಾಡಿದ್ದೇ ಅವರು ಮಾಡಿದ ಕೆಲಸ. ನಮ್ಮ ಮಕ್ಕಳೂ ಆ ಕೆಲಸವನ್ನು ತಮ್ಮ ಮಟ್ಟದಲ್ಲಿ ಮಾಡಬಲ್ಲರು.

ಮರುಪಾಠ ಹೇಗೆ ನಡೆಯಿತು

ಎರಡು ದಿನದ ನಂತರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಮರುಪಾಠ ಮಾಡಿದರು. ಹಂತಗಳು ಹೀಗಿದ್ದವು.

ಪೂರ್ವಜ್ಞಾನ (8 ನಿಮಿಷ): ಹಲಗೆಯ ಎಡಭಾಗದಲ್ಲಿ ಮಕ್ಕಳಿಗೆ ಗೊತ್ತಿರುವ ಮೀನಿನ ಹೆಸರುಗಳನ್ನೆಲ್ಲ, ಯಾವ ಮಾತಿನದಾದರೂ ಸರಿ, ತಿದ್ದದೆ ಬರೆದರು. ಹೆಸರಿನ ಮುಂದೆ ಹೇಳಿದ ಮಗುವಿನ ಹೆಸರು.

ವೀಕ್ಷಣೆ (12 ನಿಮಿಷ): ಮೀನು ಮಾರುವವರಿಂದ ತಂದ ಎರಡು ಜಿಲೇಬಿಗಳನ್ನು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಮೊದಲ ದಿನದ ಬ್ಲೂಗಿಲ್ ಚಿತ್ರವನ್ನು ಇರಿಸಿದರು. ಅದರ ಮೂರು ಗುರುತುಗಳನ್ನು ರೇಖಾಚಿತ್ರವಾಗಿ ದೊಡ್ಡದು ಮಾಡಿ ಬರೆದಿದ್ದರು. ಗುಂಪುಗಳು ಸರದಿಯಂತೆ ಹೊಳ್ಳೆ ಎಣಿಸಿದವು, ಪಾರ್ಶ್ವರೇಖೆಯನ್ನು ಕಡ್ಡಿಯಿಂದ ತೋರಿಸಿದವು, ಗುದರೆಕ್ಕೆಯ ಮುಳ್ಳು ಲೆಕ್ಕ ಹಾಕಿದವು.

ವಿವರಣೆ (10 ನಿಮಿಷ): ಪ್ರಶಿಕ್ಷಣಾರ್ಥಿ ಮೊದಲ ದಿನದ ಹುಡುಗನನ್ನೇ ಕರೆದು, “ಮೊನ್ನೆ ನೀನು ಏನು ನೋಡಿ ಜಿಲೇಬಿ ಅಂದೆ?” ಎಂದು ಕೇಳಿದರು. ಅವನು ಮೈ, ರೆಕ್ಕೆ, ಮಚ್ಚೆ ಎಂದು ಮೂರನ್ನೂ ಹೇಳಿದ. ಆಮೇಲೆ ತಾನಾಗಿಯೇ, “ಆದ್ರೆ ಚಿತ್ರದ್ರಲ್ಲಿ ಗೆರೆ ಕಟ್ ಆಗಿಲ್ಲ ಸರ್, ಅದು ಬೇರೆ” ಎಂದ. ತಿದ್ದುಪಡಿ ಅವನಿಂದಲೇ ಬಂತು. ಪ್ರಶಿಕ್ಷಣಾರ್ಥಿ ಅವನ ಮುಂದೆಯೇ, “ಮೊನ್ನೆ ನಾನು ನಿನ್ನನ್ನು ಕೇಳಬೇಕಿತ್ತು” ಎಂದರು. ಅಂದಿನ ಅವಲೋಕನ ಪುಸ್ತಕದಲ್ಲಿ ನಾನು ಕೆಂಪು ಗೆರೆ ಎಳೆದದ್ದು ಆ ಮಾತಿನ ಕೆಳಗೆ.

ವಿಸ್ತರಣೆ (8 ನಿಮಿಷ): ಮೀಸೆಯ ಎರಡು ಮೀನುಗಳ ರೇಖಾಚಿತ್ರ ತೋರಿಸಿದಾಗ, ಅಸ್ಸಾಂನಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಮೊದಲನೆಯದನ್ನು “ಮಾಗುರ್”, ಎರಡನೆಯದನ್ನು “ಶಿಂಗಿ” ಎಂದಳು. ಕನ್ನಡ ಅವಳಿಗೆ ಇನ್ನೂ ಅಷ್ಟಾಗಿ ಬಾರದು. ಎರಡನೆಯದನ್ನು ತೋರಿಸಿ, ಬೆರಳು ಹಿಡಿದುಕೊಂಡು ಮುಖ ಕಿವುಚಿದಳು. ಪಕ್ಕದವಳು, “ಚೇಳುಮೀನು ಸರ್, ಚುಚ್ಚತ್ತೆ ಅಂತಾಳೆ” ಎಂದು ಅನುವಾದಿಸಿದಳು. ಅವಳು ಹೇಳಿದ ಮಾಗುರ್ ಎಂಬ ಮಾತು ಎರಡು ಶತಮಾನದಿಂದ ವಿಜ್ಞಾನದ ಪುಸ್ತಕದಲ್ಲಿದೆ ಎಂದು ಪ್ರಶಿಕ್ಷಣಾರ್ಥಿ ಹೇಳಿದಾಗ ತರಗತಿ ಅವಳತ್ತ ತಿರುಗಿ ನೋಡಿತು. ಆ ದಿನದವರೆಗೆ ಅವಳು ತರಗತಿಯಲ್ಲಿ ಮಾತಾಡಿದ್ದನ್ನು ಕೇಳಿರಲಿಲ್ಲವೆಂದು ತರಗತಿ ಶಿಕ್ಷಕಿ ಆಮೇಲೆ ತಿಳಿಸಿದರು.

ಮೌಲ್ಯಮಾಪನ: ‘ಈ ಮೀನಿನ ಹೆಸರೇನು?’ ಎಂಬ ಪ್ರಶ್ನೆಯನ್ನು ಕೈಬಿಟ್ಟರು. ಬದಲಿಗೆ ಕೇಳಿದ್ದು ಮೂರು: ನಿನ್ನ ಮನೆಯಲ್ಲಿ ಇದನ್ನು ಏನೆನ್ನುತ್ತಾರೆ? ಇದನ್ನೇ ಹೋಲುವ ಇನ್ನೊಂದು ಮೀನಿನಿಂದ ಇದನ್ನು ಹೇಗೆ ಬೇರ್ಪಡಿಸುವೆ? ಹಾಗೆ ಹೇಳಲು ಏನು ನೋಡಿದೆ?

ಹೆಸರಿನ ದಾಖಲೆ ಇಡುವ ಕ್ರಮ

ಈ ಪಾಠವನ್ನು ವರ್ಷವಿಡೀ ನಡೆಯುವ ಚಟುವಟಿಕೆಯಾಗಿ ಮಾಡಬಹುದು. ಒಂದೊಂದು ಮೀನಿಗೆ ಒಂದೊಂದು ಪುಟ. ಬರೆಯಬೇಕಾದವು: ಕೇಳಿದ ಹೆಸರು, ಮಗು ಕೇಳಿದಂತೆಯೇ, ಹೇಳಿದವರು ಯಾರು (ಅಜ್ಜಿ, ಅಪ್ಪ, ಮೀನು ಮಾರುವವರು) ಮತ್ತು ಅವರ ಮನೆಮಾತು, ಎಲ್ಲಿಯ ನೀರು (ಹಳ್ಳ, ಗದ್ದೆ, ತೋಟದ ಕೆರೆ, ಹೊಳೆ), ಅದು ಹರಿದು ಸೇರುವ ನದಿ, ತಿಂಗಳು, ಗೇಣಿನ ಲೆಕ್ಕದಲ್ಲಿ ಉದ್ದ, ಮೀಸೆ, ರೆಕ್ಕೆ, ಮುಳ್ಳು, ಗೆರೆಗಳನ್ನು ತೋರಿಸುವ ಚಿತ್ರ. ವೈಜ್ಞಾನಿಕ ಹೆಸರಿಗೆ ಕೊನೆಯಲ್ಲಿ ಜಾಗ ಬಿಡಿ. ಖಚಿತವಾಗುವವರೆಗೆ ಅದು ಖಾಲಿ ಇರಲಿ. ಖಾಲಿ ಬಿಡುವುದಕ್ಕೆ ಅಂಕ ಕಳೆಯಬೇಡಿ. ಊಹಿಸಿ ತುಂಬಿಸುವುದೇ ದೊಡ್ಡ ತಪ್ಪು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಸಿದ್ಧಪಡಿಸಬೇಕು. ಹೀಗೆ ಶ್ರದ್ಧೆಯಿಂದ ಇಟ್ಟ ಶಾಲೆಯ ಪುಸ್ತಕ ಆ ಕೆಲಸಕ್ಕೆ ನೆರವಾಗಬಲ್ಲದು. ಅಲ್ಲಿ ‘ಜಿಲೇಬಿ’ ಎಂಬ ಒಂದು ಮಾತಿನ ಕೆಳಗೆ ಮೂರು ಜಾತಿಗಳು ಸೇರಿಹೋದರೆ ಮುಂದಿನ ತಲೆಮಾರಿಗೆ ಅದನ್ನು ಬಿಡಿಸುವ ದಾರಿ ಇರುವುದಿಲ್ಲ. ಚಿತ್ರ, ಸ್ಥಳ, ಹೇಳಿದವರ ಮನೆಮಾತು ಇದ್ದರೆ ಬಿಡಿಸಬಹುದು.

ಕೆಲವು ಎಚ್ಚರಿಕೆಗಳು

ಪಾಠಕ್ಕಾಗಿ ಮಕ್ಕಳನ್ನು ಹೊಳೆಗೆ ಇಳಿಸಬಾರದು, ಮೀನು ಹಿಡಿದು ತರಲು ಹೇಳಬಾರದು. ಮಾರಾಟದ ಮೀನು, ಚಿತ್ರ, ಹಿರಿಯರ ಮಾತು ಸಾಕು. ಶೃಂಗೇರಿಯಂಥ ಕಡೆ ದಡದಿಂದ ನೋಡಿ ಬರೆಯುವುದಷ್ಟೇ. ಮೀಸೆಯ ಮೀನನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಮುಳ್ಳು ಚುಚ್ಚಿದರೆ ಗಾಯ ತೊಳೆದು ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಮೀನು ತಿನ್ನದ ಮನೆಯ ಮಕ್ಕಳಿಗೆ ಮುಟ್ಟುವ ಒತ್ತಾಯ ಬೇಡ. ಅವರು ಎಣಿಕೆ ಬರೆದುಕೊಳ್ಳಲಿ, ಚಿತ್ರ ಬಿಡಿಸಲಿ. ಬಳಸಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಬೇಕು. ಶಾಲೆಯ ತೊಟ್ಟಿಯಲ್ಲಿ ಸಾಕಿದ ಹೊರಗಿನ ಮೀನನ್ನು ರಜೆ ಬಂದಾಗ ಹಳ್ಳಕ್ಕೆ ಬಿಡಲೇಬಾರದು. ಜಪಾನಿನ ಕಥೆ ಹೇಳುವುದು ಇದಕ್ಕಾಗಿಯೇ.

ಮುಂದಿನ ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸೂಚನೆ ಚಿಕ್ಕದು. ಮೀನಿರಲಿ, ಹಕ್ಕಿಯಿರಲಿ, ಗಿಡವಿರಲಿ, ಮಗು ನಿಮಗೆ ಗೊತ್ತಿಲ್ಲದ ಹೆಸರೊಂದನ್ನು ಹೇಳಿದರೆ ಹೌದು ಅಥವಾ ಅಲ್ಲ ಎನ್ನುವ ಮೊದಲು ‘ಏನು ನೋಡಿ ಹಾಗೆ ಹೇಳಿದೆ?’ ಎಂದು ಕೇಳಿ. ಉತ್ತರವನ್ನು ಹಲಗೆಯ ಮೇಲೆ ಬರೆಯಿರಿ. ಪಾಠ ಅಲ್ಲಿಂದ ಮುಂದಕ್ಕೆ ಹೋಗಲಿ.